ದುಡ್ಡು ಕೊಟ್ಟಿದ್ದೀವಲ್ಲ!

ಚೆನ್ನೈನ ತಾಂಬರಂನಿಂದ ಬೀಚ್ ಸ್ಟೇಷನ್ನಿಗೆ ಹೋಗುವ ಲೋಕಲ್ ಟ್ರೇನಿನಲ್ಲಿ ಕೂತು ಮೊಬೈಲಿನಲ್ಲಿ ಕನ್ನಡ ಸಿನಿಮಾ ನೋಡುವವರು ಅಪರೂಪವೇನಲ್ಲ. ಸಾನಟೋರಿಯಂನ ಮೆಪ್ಜ್ ರಫ್ತು ವಲಯದ ಕಂಪನಿಗಳಲ್ಲಿ, ವಾಯುಪಡೆಯ ನೆಲೆಯಲ್ಲಿ, ಬ್ಯಾಂಕು-ರೈಲ್ವೆಗಳಲ್ಲಿ, ಹೋಟೆಲಿನ ಗಲ್ಲಾದ ಹಿಂದೆ ನಮ್ಮವರಿದ್ದಾರೆ. ಪರವೂರಿನಲ್ಲಿ ಭಾಷೆಯ ಹಸಿವು ಜಾಸ್ತಿ. ನೋಡಲಿ, ಸಂತೋಷ. ಆದರೆ ಓಡುತ್ತಿರುವ ಚಿತ್ರದ ಮೂಲೆಯಲ್ಲಿ ಬೆಟ್ಟಿಂಗ್ ಆ್ಯಪ್ ಒಂದರ ಹೆಸರು ಮಿನುಗುತ್ತಿದ್ದರೆ ಆ ಕದ್ದ ಪ್ರತಿ ಎಲ್ಲಿಂದ ಬಂತೆಂದು ಕೇಳಬೇಕಾಗಿಲ್ಲ. ಕೇಳಿದರೂ ಉತ್ತರ ಸಿದ್ಧವಾಗಿದೆ: "ಸರ್, ನಮ್ಮನೇಲಿ ಎರಡು ಒಟಿಟಿ ಇದೆ. ವರ್ಷದ್ದು ಪೂರ್ತಿ ಕಟ್ಟಿದ್ದೀವಿ. ಟೆಲಿಗ್ರಾಂನಲ್ಲಾದ್ರೆ ಸಲೀಸು ಅಂತ, ಅಷ್ಟೆ." ಅಷ್ಟು ಹೇಳುವ ಹೊತ್ತಿಗೆ ಟ್ರೇನು ಕೋಡಂಬಾಕಂ ದಾಟಿರುತ್ತದೆ. ಆ ಸುತ್ತಿನ ಸ್ಟುಡಿಯೋಗಳಲ್ಲೇ ದಶಕಗಳ ಕಾಲ ಕನ್ನಡ ಚಿತ್ರಗಳು ತಯಾರಾದವು, ರಾಜ್‌ಕುಮಾರ್ ಅವರ ಸಂಸಾರ ಇದೇ ಮದರಾಸಿನಲ್ಲಿತ್ತು. ಇದೆಲ್ಲ ಈ ಮಹಾಶಯರಿಗೆ ಗೊತ್ತಿದೆ. ಕನ್ನಡ ಸಂಘದ ವೇದಿಕೆಯಲ್ಲಿ ಪ್ರತಿ ನವೆಂಬರಿನಲ್ಲಿ ಅದನ್ನು ಭಾಷಣವಾಗಿ ಹೇಳುವವರೂ ಇವರೇ.

ನನ್ನ ಜಗಳ ಇರುವುದು ಆ ಉತ್ತರದ ಜೊತೆ. ಒಂದು ಪೈಸೆಯೂ ಬಿಚ್ಚದೆ ಎಲ್ಲವನ್ನೂ ಕದ್ದು ನೋಡುವವನಿಗೆ ತಾನು ಮಾಡುತ್ತಿರುವುದು ಏನೆಂದು ಚೆನ್ನಾಗಿ ಗೊತ್ತು. ಅವನ ಹತ್ತಿರ ಮಾತಾಡಿ ಪ್ರಯೋಜನವಿಲ್ಲ. ಈತ ಹಾಗಲ್ಲ. ತೆರಿಗೆ ಸರಿಯಾಗಿ ಕಟ್ಟುತ್ತಾನೆ, ಹಾಲಿನವನ ಬಾಕಿ ಉಳಿಸಿಕೊಳ್ಳುವುದಿಲ್ಲ, ಪರೀಕ್ಷೆಯಲ್ಲಿ ಕಾಪಿ ಹೊಡೆಯಬೇಡ ಎಂದು ಮಗನಿಗೆ ಬುದ್ಧಿ ಹೇಳುತ್ತಾನೆ. ಮರ್ಯಾದಸ್ಥ. ಆ ಮರ್ಯಾದೆಯೇ ಅವನನ್ನು ಕೆಡಿಸಿರುವುದು. ತಾನು ದುಡ್ಡು ಕೊಡುವ ಜಾತಿಯವನು, ಹಾಗಾಗಿ ತಾನು ತೆಗೆದುಕೊಂಡದ್ದು ಕಳವಾಗಲಾರದು ಎಂಬ ನಂಬಿಕೆ ಅವನಲ್ಲಿ ಎಷ್ಟು ಗಟ್ಟಿಯಾಗಿದೆ ಎಂದರೆ, ಯಾರಿಗೆ ಕೊಟ್ಟೆ, ಯಾವುದಕ್ಕೆ ಕೊಟ್ಟೆ ಎಂದು ಒಮ್ಮೆಯೂ ಲೆಕ್ಕ ನೋಡಿಲ್ಲ.

ಲೆಕ್ಕ ನೋಡಿದರೆ ಏನು ಸಿಗುತ್ತದೆ? ಒಬ್ಬರು ಚಿತ್ರವನ್ನು ಥಿಯೇಟರಿನಲ್ಲಿ ಒಮ್ಮೆ ನೋಡಿದ್ದಾರೆ, ಅದನ್ನೇ ಜೀವಮಾನದ ಹಕ್ಕುಪತ್ರ ಎಂದುಕೊಂಡಿದ್ದಾರೆ. ಇನ್ನೊಬ್ಬರ ಚಂದಾ ಮುಗಿದು ವರ್ಷವಾಗಿದೆ, "ಆಗ ಕೊಟ್ಟಿದ್ದೆನಲ್ಲ" ಎನ್ನುತ್ತಾರೆ. ಮತ್ತೊಬ್ಬರು ದುಡ್ಡು ಕೊಟ್ಟಿರುವುದು ಒಂದು ಒಟಿಟಿಗೆ, ಚಿತ್ರ ಇರುವುದು ಬೇರೊಂದರಲ್ಲಿ. ತಾಂಬರಂ-ಬೀಚ್ ಸೀಸನ್ ಪಾಸು ಜೇಬಿನಲ್ಲಿದೆ ಎಂದು ತಾಂಬರಂ ಮೇಲೆ ಹಾಯುವ ಮಂಗಳೂರು ಎಕ್ಸ್‌ಪ್ರೆಸ್ಸಿನ ಸ್ಲೀಪರಿನಲ್ಲಿ ಮಲಗಿದರೆ ಟಿ.ಟಿ.ಇ. ಏನನ್ನುತ್ತಾರೆ? ಎರಡೂ ರೈಲ್ವೆಯದೇ, ರೈಲ್ವೆಗೆ ನಾನು ದುಡ್ಡು ಕೊಟ್ಟವನೇ ಎಂದು ಅವರ ಹತ್ತಿರ ವಾದ ಮಾಡುವ ಧೈರ್ಯ ನಮಗಿಲ್ಲ. ಫೋನಿನಲ್ಲಿ ಟಿ.ಟಿ.ಇ. ಬರುವುದಿಲ್ಲ ಎಂಬುದಷ್ಟೇ ನಮ್ಮ ಧೈರ್ಯ.

ಇವರೆಲ್ಲರಿಗಿಂತ ಬಲವಾದ ವಾದ ಉಳಿದಿರುವುದು ಒಬ್ಬರದು. ಚಿತ್ರ ಯಾವ ಒಟಿಟಿಯಲ್ಲಿದೆಯೋ ಅದಕ್ಕೇ ಚಂದಾ ಕಟ್ಟಿದ್ದಾರೆ, ಅದು ಚಾಲ್ತಿಯಲ್ಲೂ ಇದೆ, ಆದರೂ ನೋಡುವುದು ಟೆಲಿಗ್ರಾಂ ಪ್ರತಿಯನ್ನು. "ಅಲ್ಲೂ ಅದೇ ಸಿನಿಮಾ, ಇಲ್ಲೂ ಅದೇ ಸಿನಿಮಾ. ಯಾರ ಗಂಟು ಹೋಯಿತು?"

ಸಿನಿಮಾ ಮಾಡಿದವರ ಗಂಟು ಹೋಯಿತು. ಒಟಿಟಿ ಕಂಪನಿಗಳು ಸಣ್ಣ ಕನ್ನಡ ಚಿತ್ರವನ್ನು ಇಡಿಯಾಗಿ ಕೊಂಡುಕೊಳ್ಳುವುದು ಕಡಿಮೆ. ಎಷ್ಟೋ ಚಿತ್ರಗಳು ಅಲ್ಲಿ ಕಾಣಿಸಿಕೊಳ್ಳುವುದು ಜನ ಎಷ್ಟು ಹೊತ್ತು ನೋಡಿದರೋ ಅಷ್ಟಕ್ಕೆ ಇಷ್ಟು ಎಂಬ ಕರಾರಿನ ಮೇಲೆ. ನೀವು ವರ್ಷದ ಮೊದಲೇ ಕಟ್ಟಿದ ದುಡ್ಡು ಕಂಪನಿಯ ಖಾತೆಗೆ ಹೋಗಿ ಕೂತಾಗಿದೆ. ಅದರಲ್ಲಿ ಯಾವ ಚಿತ್ರಕ್ಕೆ ಎಷ್ಟು ಎಂದು ತೀರ್ಮಾನವಾಗುವುದು ನೀವು ಆ ಆ್ಯಪ್ ತೆರೆದು, ಆ ಚಿತ್ರವನ್ನು ಒತ್ತಿ, ಎರಡು ಗಂಟೆ ಕೂತಾಗ. ಆ ಎರಡು ಗಂಟೆಯನ್ನು ನೀವು ಟೆಲಿಗ್ರಾಂ ಚಾನೆಲ್ಲಿಗೆ ಕೊಟ್ಟಿರಿ. ಕಂಪನಿಗೆ ಇದರಿಂದ ಒಂದು ರೂಪಾಯಿಯೂ ನಷ್ಟವಿಲ್ಲ. ನಿಜಕ್ಕೂ ಅದಕ್ಕೆ ಲಾಭವೇ: ಚಂದಾ ಬಂತು, ಹಂಚಬೇಕಾದ ಪಾಲು ಉಳಿಯಿತು. ಚಿತ್ರ ಕದ್ದು ಹಾಕಿದವನಿಗೂ ಲಾಭವಾಯಿತು, ಬೆಟ್ಟಿಂಗ್ ಜಾಹೀರಾತಿಗೆ ಇನ್ನೊಂದು ಜೊತೆ ಕಣ್ಣು ಸಿಕ್ಕಿತು. ಬರಿಗೈಯಲ್ಲಿ ಉಳಿದವನು ಕನ್ನಡದಲ್ಲಿ ಚಿತ್ರ ಮಾಡಿದವನು. ದೊಡ್ಡ ಕಂಪನಿಗೆ ಸರಿಯಾಗಿ ಬುದ್ಧಿ ಕಲಿಸಿದೆ ಎಂದು ಟ್ರೇನಿನಲ್ಲಿ ಮೀಸೆಯಡಿ ನಗುವವರು ಈ ಲೆಕ್ಕವನ್ನು ಇನ್ನೊಮ್ಮೆ ಓದಿಕೊಳ್ಳಬೇಕು.

ಮುಂಗಡವಾಗಿಯೇ ದುಡ್ಡು ಕೊಟ್ಟು ಕೊಂಡ ಚಿತ್ರಗಳ ಕಥೆಯೂ ಬೇರೆಯಲ್ಲ. ಮುಂದಿನ ಕನ್ನಡ ಚಿತ್ರವನ್ನು ಕೊಳ್ಳಬೇಕೋ ಬೇಡವೋ ಎಂದು ಮುಂಬೈಯಲ್ಲಿ ಕೂತವರು ನೋಡುವುದು ಕವಿಗಳ ಪಟ್ಟಿಯನ್ನಲ್ಲ, ಜ್ಞಾನಪೀಠಗಳ ಸಂಖ್ಯೆಯನ್ನಲ್ಲ. ಎಷ್ಟು ಜನ, ಎಷ್ಟು ನಿಮಿಷ ಎಂಬ ಅಂಕಿಯನ್ನು. ನಾವು ಕದ್ದು ನೋಡಿದ ನಿಮಿಷಗಳು ಆ ಅಂಕಿಯಲ್ಲಿ ಇಲ್ಲ. ಆಮೇಲೆ "ತಮಿಳು, ತೆಲುಗು, ಮಲಯಾಳಂನವರದ್ದು ವಾರಕ್ಕೊಂದು ಬರುತ್ತೆ, ಕನ್ನಡದ್ದು ಮಾತ್ರ ಇಲ್ಲ ನೋಡಿ" ಎಂದು ಗೋಳು. ಕರಾವಳಿಯ ಏಳು ಕಥೆಗಳ 'ಏಕಂ' ಎಂಬ ವೆಬ್ ಸರಣಿಗೆ ಆದದ್ದು ನೆನಪಿದೆಯೇ? ರಕ್ಷಿತ್ ಶೆಟ್ಟಿಯವರಂಥ ಹೆಸರಾಂತ ನಟರ ಪರಂವಃ ಸಂಸ್ಥೆ ಬೆನ್ನಿಗಿದ್ದರೂ ಕೊಳ್ಳಲು ಒಟಿಟಿಗಳು ಮುಂದೆ ಬರಲಿಲ್ಲ. 2024ರ ಜುಲೈನಲ್ಲಿ ಅದನ್ನು ಮಾಡಿದವರೇ ತಮ್ಮದೊಂದು ಜಾಲತಾಣ ಕಟ್ಟಿ ನೇರವಾಗಿ ಪ್ರೇಕ್ಷಕರಿಗೆ ಮಾರಬೇಕಾಯಿತು. ಅದಕ್ಕೂ ಹಿಂದೆ, 2013ರಲ್ಲಿ ತೆರೆ ಕಂಡ 'ಲೂಸಿಯಾ'ಕ್ಕೆ ನಿರ್ಮಾಪಕರು ಸಿಗದಿದ್ದಾಗ 110 ಜನ ಪ್ರೇಕ್ಷಕರು ಸೇರಿ ಸುಮಾರು 51 ಲಕ್ಷ ರೂಪಾಯಿ ಹಾಕಿ ಸಿನಿಮಾ ಮಾಡಿಸಿದರು. ಅವರೂ ಕನ್ನಡ ಪ್ರೇಕ್ಷಕರೇ. ನೋಡುವುದಕ್ಕೂ ಮೊದಲೇ ದುಡ್ಡು ಹಾಕಿದ ಆ 110 ಜನರ ಮುಂದೆ ನಿಂತು "ಟೆಲಿಗ್ರಾಂ ಸಲೀಸು" ಎಂದು ಹೇಳಿ ನೋಡೋಣ.

ಅಂದಹಾಗೆ, ಸಲೀಸು ಎಂಬುದೂ ಪೂರ್ತಿ ನಿಜವಲ್ಲ. ಒಟಿಟಿ ಆ್ಯಪ್‌ಗಳಲ್ಲೇ ಡೌನ್‌ಲೋಡ್ ಗುಂಡಿ ಇದೆ. ಮನೆಯ ವೈಫೈನಲ್ಲಿ ರಾತ್ರಿಯೇ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ಕಡೆಯೂ ಓಡುತ್ತದೆ. ಅದಕ್ಕೆ ಹಿಂದಿನ ದಿನ ನೆನಪಿಟ್ಟುಕೊಳ್ಳಬೇಕು, ಅಷ್ಟು ಸೋಮಾರಿತನ ಬಿಡಬೇಕು. ನಾವು ಹಕ್ಕು ಎಂದು ಕರೆಯುತ್ತಿರುವುದರಲ್ಲಿ ಅರ್ಧ ಈ ಸೋಮಾರಿತನ.

ಟೊರೆಂಟ್ ಬಳಸುವವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. "ನಾನು ಕೊಂಡದ್ದನ್ನೇ ನಾನು ಇಳಿಸಿಕೊಳ್ಳುತ್ತಿದ್ದೇನೆ" ಎಂದು ನೀವು ಹೇಳುತ್ತಿರುವಾಗಲೇ ನಿಮ್ಮ ಕಂಪ್ಯೂಟರು ಬೇರೆ ಕೆಲಸವನ್ನೂ ಮಾಡುತ್ತಿರುತ್ತದೆ. ಇಳಿದ ತುಣುಕುಗಳನ್ನು ಅದು ಆಗಿಂದಾಗಲೇ ಯಾರು ಯಾರಿಗೋ ಕಳಿಸುತ್ತಿರುತ್ತದೆ. ಟೊರೆಂಟ್ ನಡೆಯುವುದೇ ಹಾಗೆ. ಅವರಲ್ಲಿ ಎಷ್ಟು ಮಂದಿ ದುಡ್ಡು ಕೊಟ್ಟವರು, ನೀವು ವಿಚಾರಿಸಿದ್ದೀರಾ? ನಿಮ್ಮ ರಸೀದಿ ನಿಮ್ಮ ಹೆಸರಿನಲ್ಲಿದೆ; ಹಂಚಿದ್ದು ಊರಿಗೆಲ್ಲ. ಕಾಯ್ದೆಯ ಕಣ್ಣಿನಲ್ಲಿ ಇಳಿಸಿಕೊಂಡವನಿಗಿಂತ ಹಂಚಿದವನು ದೊಡ್ಡ ತಪ್ಪಿತಸ್ಥ, ಮತ್ತು ಟೊರೆಂಟಿನಲ್ಲಿ ಇಳಿಸಿಕೊಂಡವನೇ ಹಂಚಿದವನು.

ಕೊಂಡದ್ದನ್ನೇ ಇಳಿಸಿಕೊಂಡೆ ಎಂಬ ವಾದ ಕೋರ್ಟಿನಲ್ಲೂ ಪರೀಕ್ಷೆಯಾಗಿದೆ. ಷಿಕಾಗೋದಲ್ಲಿ ಒಬ್ಬ ಮಹಿಳೆಯ ಮೇಲೆ ಸಂಗೀತ ಕಂಪನಿಗಳು ಹಾಕಿದ್ದ ಮೊಕದ್ದಮೆ 2005ರಲ್ಲಿ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿತ್ತು. ಆಕೆ ಕೆಲವೇ ವಾರಗಳಲ್ಲಿ 1,370 ಹಾಡುಗಳನ್ನು ಇಳಿಸಿಕೊಂಡಿದ್ದರು. ಅವುಗಳಲ್ಲಿ ಕೆಲವು ಹಾಡುಗಳ ಸಿ.ಡಿ. ತನ್ನ ಬಳಿ ಮೊದಲೇ ಇತ್ತು, ಕೆಲವನ್ನು ಆಮೇಲೆ ಕೊಂಡೆ, ಇಷ್ಟವಾದರೆ ಕೊಳ್ಳೋಣ ಎಂದು ಕೇಳಿ ನೋಡುತ್ತಿದ್ದೆ ಎಂಬುದು ಆಕೆಯ ವಾದ. ನ್ಯಾಯಾಲಯ ಅದನ್ನು ನಿಜವೆಂದೇ ಇಟ್ಟುಕೊಂಡಿತು. ಆದರೆ ಯಾವತ್ತೂ ಕೊಳ್ಳದ ಹಾಡುಗಳು 30 ಇವೆ ಎಂದು ಆಕೆಯೇ ಒಪ್ಪಿದ್ದರು. ಆ 30 ಸಾಕಾಯಿತು. ಹಾಡೊಂದಕ್ಕೆ 750 ಡಾಲರಿನಂತೆ 22,500 ಡಾಲರ್ ಪರಿಹಾರ ಕಟ್ಟಬೇಕೆಂದು ತೀರ್ಪಾಯಿತು. ಅಮೆರಿಕದ ಕಾಯ್ದೆ ಕ್ರೂರ ಎಂದು ಬೈಯಬಹುದು, ನನಗೂ ಆ ಮೊತ್ತ ಅತಿಯೆನಿಸುತ್ತದೆ. ಆದರೆ ನಮ್ಮ ಹಾರ್ಡ್‌ಡಿಸ್ಕ್ ತೆಗೆದು ಇದೇ ಲೆಕ್ಕ ಹಾಕಿದರೆ ಕೊಳ್ಳದೇ ಇದ್ದದ್ದು 30ಕ್ಕೆ ನಿಲ್ಲುತ್ತದೆಯೇ? ನಮ್ಮ ಪೈಕಿ ಹೆಚ್ಚಿನವರಲ್ಲಿ ಕೊಂಡದ್ದು 30 ಇದ್ದರೆ ಪುಣ್ಯ.

ಹಾಗಾದರೆ ದುಡ್ಡು ಕೊಟ್ಟವನಿಗೆ ಯಾವ ಹಕ್ಕೂ ಇಲ್ಲವೇ? ಇದೆ. ಕಂಪನಿಗಳ ಪರ ವಕಾಲತ್ತು ವಹಿಸಲು ನಾನು ಇದನ್ನು ಬರೆಯುತ್ತಿಲ್ಲ. ಅವುಗಳ ಚರಿತ್ರೆಯೇನೂ ಚೆನ್ನಾಗಿಲ್ಲ. 2009ರಲ್ಲಿ ಅಮೆಜಾನ್ ಕಂಪನಿ ಕಿಂಡಲ್‌ಗಳಲ್ಲಿ ಜನ ಕೊಂಡಿಟ್ಟಿದ್ದ ಆರ್ವೆಲ್‌ನ '1984' ಕಾದಂಬರಿಯನ್ನು ಅವರನ್ನು ಕೇಳದೆಯೇ ಅಳಿಸಿಹಾಕಿತು. ಮಾರಿದವನಿಗೆ ಹಕ್ಕಿರಲಿಲ್ಲ ಎಂಬುದು ಕಾರಣ. ದುಡ್ಡು ವಾಪಸ್ಸು ಕೊಟ್ಟರೂ ಕೊಟ್ಟದ್ದನ್ನು ಮನೆಯೊಳಗೆ ಕೈಹಾಕಿ ಕಸಿದದ್ದು ಕಸಿದದ್ದೇ. ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನು 2019ರಲ್ಲಿ ಮುಚ್ಚಿದಾಗ ಅಲ್ಲಿ ಕೊಂಡ ಪುಸ್ತಕಗಳೆಲ್ಲ ಮಾಯವಾದವು. ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಂಡು ಯುಎಸ್‌ಬಿ ತಂತಿಯಲ್ಲಿ ವರ್ಗಾಯಿಸುವ ದಾರಿಯನ್ನು 2025ರ ಫೆಬ್ರುವರಿಯಲ್ಲಿ ಮುಚ್ಚಲಾಯಿತು. ನಮ್ಮಲ್ಲಿ ಕನ್ನಡದ ಎಷ್ಟೋ ಕಾರ್ಯಕ್ರಮಗಳಿದ್ದ ವೂಟ್ ಹೋಗಿ ಜಿಯೋಸಿನಿಮಾ ಬಂತು, ಅದೂ ಹೋಗಿ 2025ರಲ್ಲಿ ಜಿಯೋಹಾಟ್‌ಸ್ಟಾರ್ ಬಂತು. 2025ರ ಜೂನ್‌ನಿಂದ ಪ್ರೈಮ್ ವಿಡಿಯೋದಲ್ಲಿ ಚಂದಾ ಕಟ್ಟಿದವರಿಗೂ ಜಾಹೀರಾತು ಶುರುವಾಯಿತು, ಜಾಹೀರಾತು ಬೇಡವೆಂದರೆ ಮೇಲೆ ಇನ್ನಷ್ಟು ಕೊಡಬೇಕು. ಕೊಳ್ಳಿರಿ ಎಂದು ಗುಂಡಿ ಇಟ್ಟು ಬಾಡಿಗೆಗೆ ಕೊಡುವ ಈ ಚಾಳಿಗೆ ಕಡಿವಾಣ ಹಾಕಲೆಂದೇ ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ಮಾಡಿತು: ಕೊಡುತ್ತಿರುವುದು ಬರೀ ಪರವಾನಗಿಯಾದರೆ ಹಾಗೆಂದು ಸ್ಪಷ್ಟವಾಗಿ ಹೇಳಬೇಕು.

ನಮ್ಮ 1957ರ ಕಾಪಿರೈಟ್ ಕಾಯ್ದೆಯೂ ಗ್ರಾಹಕನನ್ನು ಪೂರ್ತಿ ಕೈಬಿಟ್ಟಿಲ್ಲ. ಕಂಪ್ಯೂಟರ್ ಪ್ರೋಗ್ರಾಂ ಕೊಂಡವನು ಹಾಳಾದೀತೆಂದು ಒಂದು ಬ್ಯಾಕಪ್ ಇಟ್ಟುಕೊಳ್ಳಬಹುದು. ಬೇರೆ ಕೃತಿಗಳಲ್ಲಿ ಸ್ವಂತ, ಖಾಸಗಿ ಬಳಕೆಗೆ ನ್ಯಾಯವಾದ ಮಟ್ಟಿಗೆ 52ನೇ ಸೆಕ್ಷನ್ ಜಾಗ ಬಿಟ್ಟಿದೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ಸೆಕ್ಷನ್ ಡಿಜಿಟಲ್ ಬೀಗ ಮುರಿಯುವುದನ್ನು ಅಪರಾಧ ಮಾಡಿದ್ದೂ ಕೃತಿಯ ಹಕ್ಕನ್ನು ಉಲ್ಲಂಘಿಸುವ ಉದ್ದೇಶ ಇದ್ದಾಗ ಮಾತ್ರ. ಹಾಗಾಗಿ ನೀವು ಕೊಂಡ ಸಿ.ಡಿ.ಯಿಂದ ಪಿ.ಬಿ. ಶ್ರೀನಿವಾಸ್ ಹಾಡುಗಳನ್ನು ನಿಮ್ಮ ಫೋನಿಗೆ ಹಾಕಿಕೊಂಡಿರೋ, ನಾನು ಬೆನ್ನು ತಟ್ಟುತ್ತೇನೆ. ಪೂರ್ತಿ ಬೆಲೆ ಕೊಟ್ಟು ಕೊಂಡ ಇ-ಪುಸ್ತಕವನ್ನು ಅಂಗಡಿ ಮುಚ್ಚೀತೆಂಬ ಭಯಕ್ಕೆ ಒಂದು ಪ್ರತಿ ತೆಗೆದಿಟ್ಟುಕೊಂಡಿರೋ, ನಿಮ್ಮ ಜೊತೆ ವಾದಕ್ಕೆ ಇಳಿಯುವುದಿಲ್ಲ. ಕೊಂಡ ವಸ್ತು, ಒಂದೇ ಪ್ರತಿ, ನಿಮ್ಮ ಕೈಯಲ್ಲೇ ಉಳಿಯುವುದು: ಇಷ್ಟಿದ್ದರೆ ನಿಮ್ಮ ಕಡೆ ನ್ಯಾಯವಿದೆ. ಆದರೆ ಅದೆಷ್ಟು ಇಕ್ಕಟ್ಟಾದ ಜಾಗ ನೋಡಿ. ಸಿ.ಡಿ. ತಮ್ಮ ಹತ್ತಿರ ಇದೆ ಎಂದು ತೋರಿಸಿದವರಿಗೆ ಮಾತ್ರ ಇಂಟರ್ನೆಟ್ಟಿನಲ್ಲಿ ಅದೇ ಹಾಡು ಕೇಳಿಸುತ್ತಿದ್ದ ಎಂಪಿ3.ಕಾಂ ಎಂಬ ಕಂಪನಿ ಕೂಡ 2000ದಲ್ಲಿ ಅಮೆರಿಕದ ಕೋರ್ಟಿನಲ್ಲಿ ಸೋತಿತು, ಏಕೆಂದರೆ ಕೇಳಿಸಲು ಅದು ಬಳಸಿದ್ದು ಗ್ರಾಹಕರ ಪ್ರತಿಯನ್ನಲ್ಲ, ತಾನೇ ಅನುಮತಿಯಿಲ್ಲದೆ ಮಾಡಿಟ್ಟುಕೊಂಡ ಪ್ರತಿಗಳನ್ನು. ಸ್ವಂತ ಸಿ.ಡಿ. ಇದ್ದವರ ವಾದಕ್ಕೇ ಇಷ್ಟು ಪಾಡು. ಚಂದಾ ಎಂದರೆ ಕೊಳ್ಳುವುದೂ ಅಲ್ಲ. ಚಂದಾದಾರನ ಮನೆಯಲ್ಲಿ ಬ್ಯಾಕಪ್ ಮಾಡಲು ವಸ್ತುವೇ ಇಲ್ಲ.

ಈ ಇಕ್ಕಟ್ಟಿನ ಜಾಗದಲ್ಲಿ ನಿಜವಾಗಿ ನಿಲ್ಲಬಲ್ಲವರು, ದುಡ್ಡು ಕೊಟ್ಟೂ ಕಳೆದುಕೊಂಡವರು, ಇದ್ದಾರೆ. ಅವರ ದೂರು ಗಂಭೀರವಾದದ್ದು. ಅದನ್ನು ಹಾಳು ಮಾಡಿದವರು ನಾವು. ಅವರು ಬಾಯಿ ಬಿಟ್ಟರೆ "ಓಹೋ, ಎಲ್ಲ ಟೆಲಿಗ್ರಾಂ ಗಿರಾಕಿಗಳೂ ಹೀಗೇ ಹೇಳುವುದು" ಎಂದು ಕಂಪನಿಯವರು ತಳ್ಳಿಹಾಕಲು ನಾವು ಅನುಕೂಲ ಮಾಡಿಕೊಟ್ಟಿದ್ದೇವೆ. ದೂರು ಕೊಡಲು ದಾರಿ ಇಲ್ಲವೆಂದಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ತಾಂಬರಂನವರಿಗೆ ಚೆಂಗಲ್ಪಟ್ಟಿನಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ, 5 ಲಕ್ಷದೊಳಗಿನ ವ್ಯವಹಾರವಾದರೆ ದೂರಿಗೆ ಶುಲ್ಕವೂ ಇಲ್ಲ. ಹಾಲಿನ ಪ್ಯಾಕೆಟ್ಟಿಗೆ ಒಂದು ರೂಪಾಯಿ ಜಾಸ್ತಿ ತೆಗೆದುಕೊಂಡರೆ ಅಂಗಡಿಯವನ ಜೊತೆ ಬೀದಿಯಲ್ಲಿ ನಿಂತು ಕೂಗಾಡುವ ನಮ್ಮಲ್ಲಿ ಎಷ್ಟು ಮಂದಿ, ಕೊಂಡ ಪುಸ್ತಕ ಮಾಯವಾಯಿತು ಎಂದು ಒಂದು ಇಮೇಲ್ ಬರೆದಿದ್ದೇವೆ? ಬರೆಯುವುದಿಲ್ಲ. ಕದಿಯುವುದು ಸುಲಭ. ಆಮೇಲೆ ಅದಕ್ಕೆ ಪ್ರತಿಭಟನೆ ಎಂದು ಹೆಸರು.

ಕಾಯ್ದೆಯ ಭಯ ನಮಗಿಲ್ಲ, ಅದಕ್ಕೂ ಕಾರಣವಿದೆ. ತಮಿಳುನಾಡು 2004ರಲ್ಲೇ ತನ್ನ ಗೂಂಡಾ ಕಾಯ್ದೆಗೆ ವಿಡಿಯೋ ಕಳ್ಳರನ್ನೂ ಸೇರಿಸಿತು, ಕರ್ನಾಟಕ ಹತ್ತು ವರ್ಷ ಬಿಟ್ಟು ಅದೇ ದಾರಿ ಹಿಡಿಯಿತು. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿಯ ಪ್ರಕಾರ ಥಿಯೇಟರಿನಲ್ಲಿ ಕದ್ದು ಚಿತ್ರೀಕರಿಸಿದವನಿಗೆ 3 ವರ್ಷದವರೆಗೆ ಜೈಲು, ಚಿತ್ರದ ನಿರ್ಮಾಣ ವೆಚ್ಚದ ಶೇ. 5ರವರೆಗೂ ದಂಡ. ಇವೆಲ್ಲ ಹಿಡಿಯುವುದು ಕದ್ದು ಹಾಕುವವನನ್ನು. ಮನೆಯ ಸೋಫಾದಲ್ಲಿ ಕೂತು ನೋಡುವವನ ಬಾಗಿಲು ತಟ್ಟಲು ಪೊಲೀಸರು ಬರುವುದಿಲ್ಲ, ಬರಲೂ ಬೇಕಾಗಿಲ್ಲ. ಪೊಲೀಸರು ಬರದ ಕಡೆ ನಾವು ಹೇಗಿರುತ್ತೇವೆ ಎಂಬುದೇ ಇಲ್ಲಿ ಪ್ರಶ್ನೆ.

ಹೊರನಾಡಿನವರದ್ದೇ ಆದ ಇನ್ನೊಂದು ನೆಪವಿದೆ: "ಇಲ್ಲಿ ಕನ್ನಡದ್ದು ಸಿಗಲ್ಲ." ಒಂದು ಕಾಲದಲ್ಲಿ ಇದು ನಿಜವಾಗಿತ್ತು. ಬೆಂಗಳೂರಿನಿಂದ ಬರುವ ನೆಂಟರು ಕ್ಯಾಸೆಟ್ ತಂದರೆ ಹಬ್ಬ, ಅದರ ನಕಲು ನಾಲ್ಕು ಮನೆ ಸುತ್ತುತ್ತಿತ್ತು. ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟರೆ ರೆಕಾರ್ಡ್ ಮಾಡಿಕೊಡುವ ಅಂಗಡಿಗಳಿದ್ದವು. ಕಳ್ಳ ನಕಲುಗಳಿಗೆ ಹೆಸರಾದ ಬರ್ಮಾ ಬಜಾರಿನ ಕಥೆ ಮದರಾಸಿನವರಿಗೆ ಹೇಳಬೇಕೇ? ಆ ಕಾಲ ಮುಗಿದು ಬಹಳ ದಿನವಾಯಿತು. ಇವತ್ತು ಬೆಂಗಳೂರಿನ ಬಸವನಗುಡಿಯವರಿಗೆ ಒಟಿಟಿಯಲ್ಲಿ ಸಿಗುವ ಸಿನಿಮಾ ಅದೇ ಕ್ಷಣದಲ್ಲಿ ತಾಂಬರಂ ಪಕ್ಕದ ಸೇಲೈಯೂರಿನಲ್ಲೂ ಸಿಗುತ್ತದೆ, ಪ್ರಕಾಶಕರು ತಾಂಬರಂನ ಪಿನ್‌ಕೋಡಿಗೂ ಪುಸ್ತಕ ಕಳಿಸುತ್ತಾರೆ, ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್‌ಗಳಲ್ಲಿ ಇ-ಪುಸ್ತಕವೂ ಕೇಳುವ ಪುಸ್ತಕವೂ ಇವೆ. ಅಭಾವದ ಕಾಲದ ಅಭ್ಯಾಸವನ್ನು ಸಮೃದ್ಧಿಯ ಕಾಲಕ್ಕೂ ಎಳೆದುಕೊಂಡು ಬಂದು ಅದಕ್ಕೆ ಭಾಷಾಪ್ರೇಮದ ಬಣ್ಣ ಬಳಿಯುತ್ತಿದ್ದೇವೆ.

ಪುಸ್ತಕದ ವಿಷಯದಲ್ಲಂತೂ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಕನ್ನಡದ ಸಾಹಿತ್ಯ ಪುಸ್ತಕ ಸಾಮಾನ್ಯವಾಗಿ ಅಚ್ಚಾಗುವುದು ಒಂದು ಸಾವಿರ ಪ್ರತಿ, ಈಚೆಗೆ ಐನೂರಕ್ಕೂ ಇಳಿದಿದೆ. ಒಬ್ಬ ಸಜ್ಜನರು ದುಡ್ಡು ಕೊಟ್ಟು ಒಂದು ಪ್ರತಿ ತರಿಸುತ್ತಾರೆ. ಕಣ್ಣಿಗೆ ಅನುಕೂಲವೆಂದು ಅದರ ಪಿಡಿಎಫ್ ಹುಡುಕಿ ಇಳಿಸಿಕೊಳ್ಳುತ್ತಾರೆ, ಅಥವಾ ತಾವೇ ಪುಟ ಪುಟವಾಗಿ ಸ್ಕ್ಯಾನ್ ಮಾಡುತ್ತಾರೆ. ಇಲ್ಲಿಯವರೆಗೆ ನಾನು ಕಣ್ಣು ಮುಚ್ಚಿಕೊಂಡೇನು. ಮರುದಿನ ಬೆಳಿಗ್ಗೆ ಅದು "ಉತ್ತಮ ಕೃತಿ, ಎಲ್ಲರೂ ಓದಿ" ಎಂಬ ಶಿಫಾರಸಿನೊಂದಿಗೆ ಕನ್ನಡ ಬಳಗದ ವಾಟ್ಸ್ಆ್ಯಪ್ ಗುಂಪಿಗೆ ಬೀಳುತ್ತದೆ. ಅಲ್ಲಿಂದ ಇನ್ನೊಂದು ಗುಂಪಿಗೆ. ವಾಟ್ಸ್ಆ್ಯಪ್ ಗುಂಪೊಂದರಲ್ಲಿ 1,024 ಜನ ಇರಬಹುದು. ಅಂದರೆ ತುಂಬಿದ ಒಂದೇ ಗುಂಪು ಒಂದು ಇಡೀ ಮುದ್ರಣವನ್ನು ಒಂದು ನಿಮಿಷದಲ್ಲಿ ನುಂಗಬಲ್ಲದು. ಕೈಮುಗಿದ ಇಮೋಜಿಗಳ ಸಾಲು ಬರುತ್ತದೆ. ಅದರಲ್ಲಿ ಹತ್ತು ಮಂದಿಯೂ ಓದುವುದಿಲ್ಲ, ಇದು ಇನ್ನೊಂದು ದುರಂತ. ಓದದವರೂ "ಇದೆಯಲ್ಲ ನನ್ನ ಹತ್ತಿರ" ಎಂದು ಕೊಳ್ಳುವುದನ್ನು ಮಾತ್ರ ನಿಲ್ಲಿಸುತ್ತಾರೆ. ಹಾಗೆ ಕಳಿಸಿದವರನ್ನು ಕೇಳಿದರೆ ಮತ್ತೆ ಅದೇ ಮಾತು, ಎದೆಯುಬ್ಬಿಸಿ: "ನಾನು ದುಡ್ಡು ಕೊಟ್ಟು ಕೊಂಡ ಪುಸ್ತಕ ರೀ ಅದು." ಕೊಂಡದ್ದು ಒಂದು ಪ್ರತಿ ರಾಯರೇ, ಅಚ್ಚುಮನೆಯನ್ನಲ್ಲ. ಆ ಪ್ರತಿಯನ್ನು ಪಕ್ಕದ ಮನೆಗೆ ಎರವಲು ಕೊಡಿ, ಹಳೆ ಪುಸ್ತಕದಂಗಡಿಗೆ ಮಾರಿ, ಮೊಮ್ಮಗಳಿಗೆ ಉಡುಗೊರೆ ಮಾಡಿ. ಆ ಹಕ್ಕುಗಳೆಲ್ಲ ನಿಮ್ಮವೇ, ಯಾರೂ ಕಿತ್ತುಕೊಂಡಿಲ್ಲ. ನಿಮ್ಮ ಕೈಬಿಟ್ಟು ಹೋದ ಪ್ರತಿ ನಿಮ್ಮ ಕೈಯಲ್ಲಿ ಇರುವುದಿಲ್ಲ, ಲೇಖಕನಿಗೆ ಅಷ್ಟು ಸಾಕು.

ಸಂಘದ ಗುಂಪುಗಳ ಅಡ್ಮಿನ್‌ಗಳೂ ಇದರಲ್ಲಿ ಪಾಲುದಾರರು. ರಾಜಕೀಯದ ಒಂದು ಸಾಲು ಬಂದರೆ ಕ್ಷಣದಲ್ಲಿ ಅಳಿಸುತ್ತಾರೆ, "ಗುಂಪಿನ ನಿಯಮ ಪಾಲಿಸಿ" ಎಂದು ಕೆಂಪು ಅಕ್ಷರದ ಚಿತ್ರ ಹಾಕುತ್ತಾರೆ. ಹೊಸ ಸಿನಿಮಾದ ಲಿಂಕ್ ಬಂದರೆ, ಬದುಕಿರುವ ಲೇಖಕರ ಕಾದಂಬರಿಯ ಪಿಡಿಎಫ್ ಬಂದರೆ ಮೌನ. ಅದೇ ಲೇಖಕರನ್ನು ನವೆಂಬರಿನಲ್ಲಿ ಮುಖ್ಯ ಅತಿಥಿಯಾಗಿ ಕರೆಯುತ್ತಾರೆ, ಶಾಲು ಹೊದಿಸುತ್ತಾರೆ, ಪುಸ್ತಕದ ಮೇಜಿನ ಹತ್ತಿರ ಯಾರೂ ಸುಳಿಯದಿದ್ದಾಗ "ನಮ್ಮ ಜನಕ್ಕೆ ಓದೋ ಅಭಿರುಚಿ ಕಡಿಮೆ ಸಾರ್" ಎಂದು ಅವರಿಗೇ ಸಮಾಧಾನ ಹೇಳುತ್ತಾರೆ.

ಲಿಂಕ್ ಹಾಕಬೇಡಿ ಎಂದು ಗುಂಪಿನಲ್ಲಿ ಹೇಳಿದರೆ ಹಿರಿಯರಿಗೆ ಬೇಜಾರಾಗುತ್ತದೆ, ಸುಮ್ಮನೆ ಜಗಳವಾಗುತ್ತದೆ, ಇರುವ ನಾಲ್ಕು ಜನ ಕನ್ನಡದವರಲ್ಲೂ ಒಡಕು ಬರುತ್ತದೆ ಎನ್ನುತ್ತಾರೆ. ಜಗಳವಾಗಲಿ.